ತಾಯಿಯಂತೆ ಸಸಿ: ಎಂದೆಂದೂ ನಿಜವೇ?

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬುದು ಹಿರಿಯರ ಮಾತು. ತೋಟಗಾರನ ಬದುಕು ನಿಂತಿರುವುದೇ ಈ ಮಾತಿನ ಮೇಲೆ. ವರ್ಷ ವರ್ಷವೂ ತಪ್ಪದೆ ಗೊನೆ ಕೊಡುವ ತಾಯಿಮರವನ್ನು ಗುರುತಿಟ್ಟು, ಚೆನ್ನಾಗಿ ಹಣ್ಣಾದ ಗೋಟನ್ನು ಆರಿಸಿ, ಮಡಿಯಲ್ಲಿ ಮೊಳಕೆ ಬರಿಸಿ, ಸಸಿ ಸಾಕಿ, ಗುಂಡಿ ತೆಗೆದು ನೆಟ್ಟು, ನೀರು ನೆರಳು ಕೊಟ್ಟು, ಮೊದಲ ಹಿಂಗಾರ ಒಡೆಯುವುದನ್ನು ಕಾಣಲು ಐದಾರು ವರ್ಷ ಕಾಯುವವನು ಯಾವ ಧೈರ್ಯದ ಮೇಲೆ ಕಾಯುತ್ತಾನೆ? ತಾಯಿ ಹೇಗಿದ್ದಳೋ ಮಗಳೂ ಹಾಗೆಯೇ ಆದಾಳು ಎಂಬ ನಂಬಿಕೆಯ ಮೇಲೆ ತಾನೇ?

ಈಗ ಈ ನಂಬಿಕೆಗೆ ಹೊಸದೊಂದು ರೂಪ ಬಂದಿದೆ. ಅಂಗಾಂಶ ಕೃಷಿ, ಅಂದರೆ ನಾವೆಲ್ಲ ಟಿಶ್ಯೂ ಕಲ್ಚರ್ ಎಂದು ಕರೆಯುವ ವಿಧಾನ, ನಮ್ಮ ಕೋಟೆ ತಾಲ್ಲೂಕಿಗೆ ಹೊಸದಲ್ಲ. ಅಂತರಸಂತೆಯಿಂದ ಹುಣಸೂರು, ಪಿರಿಯಾಪಟ್ಟಣದವರೆಗೆ ಬಾಳೆ ಹಾಕುವವರು ಕಂದು ಹುಡುಕುವುದನ್ನು ಬಿಟ್ಟು ಚೀಲದ ಸಸಿಯನ್ನೇ ತರುವುದು ರೂಢಿಯಾಗಿದೆ. ಕಾಫಿಗೂ ಈ ವಿಧಾನ ಹೊರದೇಶಗಳಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಅಡಿಕೆಗೂ ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯವರು ಎಳೆಯ ಹಿಂಗಾರದ ತುಣುಕಿನಿಂದ ಸಸಿ ಮಾಡುವ ದಾರಿಯನ್ನು ಕಂಡುಹಿಡಿದಿದ್ದಾರೆ. ಹತ್ತಿ, ಹೊಗೆಸೊಪ್ಪುಗಳಿಂದ ಬೇಸತ್ತು ಅಡಿಕೆಗೆ ಮನಸ್ಸು ಮಾಡಿರುವ ನಮ್ಮ ಕಡೆಯ ಸಣ್ಣ ಹಿಡುವಳಿದಾರರ ಮುಂದೆ ಇಂದಲ್ಲ ನಾಳೆ ಈ ಸಸಿ ಬಂದು ನಿಲ್ಲುವುದು ಖಂಡಿತ. “ತಾಯಿಮರದ ಪಡಿಯಚ್ಚು, ನೂರಕ್ಕೆ ನೂರು ಒಂದೇ ಸಮ” ಎಂಬ ಮಾತೂ ಅದರ ಜೊತೆಗೇ ಬರುತ್ತದೆ.

ಈ ಮಾತನ್ನು ಹಾಗೆಯೇ ಒಪ್ಪಬಾರದು, ಹಾಗೆಂದು ಸಸಿಯನ್ನು ದೂರ ಅಟ್ಟಲೂಬಾರದು ಎಂಬುದು ಈ ಲೇಖನದ ವಾದ. ಕಾರಣವನ್ನು ತಿಳಿಯಬೇಕಾದರೆ ಗಿಡದ ಒಳಗಿನ ಒಂದು ವಿಚಿತ್ರ ಸಂಗತಿಯನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ. ಓದುಗರು ತಾಳ್ಮೆಯಿಂದ ಜೊತೆಗೆ ಬರಬೇಕೆಂದು ವಿನಂತಿ.

ಜಿಗಿಯುವ ಜೀನುಗಳು

ಪ್ರತಿಯೊಂದು ಗಿಡದ ಪ್ರತಿಯೊಂದು ಜೀವಕೋಶದಲ್ಲಿಯೂ ಆ ಗಿಡದ ಪೂರ್ತಿ ಜಾತಕ ಬರೆದಿರುತ್ತದೆ. ಇದೇ ಡಿ.ಎನ್.ಎ. ಎಲೆ ಹೇಗಿರಬೇಕು, ಹೂ ಎಂದು ಬರಬೇಕು, ಕಾಯಿ ಎಷ್ಟು ದಪ್ಪವಾಗಬೇಕು ಎಂಬುದಕ್ಕೆಲ್ಲ ಅದರಲ್ಲಿ ಬೇರೆ ಬೇರೆ ಜೀನುಗಳಿವೆ. ಒಂದೊಂದು ಜೀನೂ ಮಣಿಸರದ ಮಣಿಯಂತೆ ತನ್ನ ಜಾಗದಲ್ಲಿ ಅಲುಗದೆ ಕುಳಿತಿರುತ್ತದೆ ಎಂದೇ ವಿಜ್ಞಾನಿಗಳು ಬಹುಕಾಲ ತಿಳಿದಿದ್ದರು.

ಅಮೆರಿಕದ ಬಾರ್ಬರಾ ಮೆಕ್ಲಿಂಟಾಕ್ ಎಂಬ ವಿದುಷಿ 1940ರ ದಶಕದಲ್ಲಿ ಈ ತಿಳಿವಳಿಕೆಯನ್ನು ಅಲ್ಲಾಡಿಸಿದರು. ಆಕೆ ಕೆಲಸ ಮಾಡಿದ್ದು ಮುಸುಕಿನ ಜೋಳದ ಮೇಲೆ. ಕೆಲವು ತೆನೆಗಳಲ್ಲಿ ಕಾಳಿನ ಮೇಲೆ ಬಣ್ಣದ ಚುಕ್ಕೆಗಳು, ಪಟ್ಟೆಗಳು ಮೂಡಿರುವುದನ್ನು ನಾವೂ ಕಂಡಿದ್ದೇವೆ. ಜೀನುಗಳ ನಡುವೆ ಜಾಗ ಬಿಟ್ಟು ಜಾಗಕ್ಕೆ ನೆಗೆಯುವ ತುಣುಕುಗಳಿವೆ, ಅವು ಬಣ್ಣದ ಜೀನಿನ ಒಳಗೆ ಹೋಗಿ ಕುಳಿತರೆ ಬಣ್ಣ ಕೆಡುತ್ತದೆ, ಎದ್ದು ಹೋದರೆ ಬಣ್ಣ ಮರಳುತ್ತದೆ, ಚುಕ್ಕೆ ಬರುವುದು ಇದರಿಂದ ಎಂದು ಆಕೆ ತೋರಿಸಿದರು. ಆಗ ನಂಬಿದವರು ಕಡಿಮೆ. ಕೊನೆಗೆ 1983ರಲ್ಲಿ, ಆಕೆಗೆ ಎಂಬತ್ತೊಂದು ವರ್ಷವಾಗಿದ್ದಾಗ, ನೊಬೆಲ್ ಪಾರಿತೋಷಕ ಬಂತು.

ಈ ತುಣುಕುಗಳು ಎಲ್ಲೋ ಒಂದೆರಡಿವೆ ಎಂದು ಭಾವಿಸಬೇಡಿ. ಮುಸುಕಿನ ಜೋಳದ ಡಿ.ಎನ್.ಎ.ಯಲ್ಲಿ ನೂರಕ್ಕೆ ಎಂಬತ್ತರಷ್ಟನ್ನೂ ಮೀರಿ ಇವುಗಳದೇ ಸಂತಾನ. ರೊಬಸ್ಟಾ ಕಾಫಿಯ ಜಾತಕವನ್ನು 2014ರಲ್ಲಿ ಪೂರ್ತಿಯಾಗಿ ಓದಿದಾಗ ಅದರ ಸುಮಾರು ಅರ್ಧ ಭಾಗ ಇವೇ ಆಗಿದ್ದವು. ಅಡಿಕೆಯಲ್ಲಿಯೂ ಇಂಥವು ಹೇರಳ.

ಇವೆಲ್ಲ ಕೆಟ್ಟವೇ? ಅಲ್ಲ. ಹುಲ್ಲಿನಂತೆ ಕವಲೊಡೆಯುತ್ತಿದ್ದ ಕಾಡುಗಿಡವೊಂದು ಒಂದೇ ದಂಟಿನ ಮುಸುಕಿನ ಜೋಳವಾಗಲು ಇಂಥ ತುಣುಕೊಂದು ಸರಿಯಾದ ಜಾಗಕ್ಕೆ ಬಂದು ಕುಳಿತದ್ದು ನೆರವಾಯಿತು. ಕಪ್ಪು ದ್ರಾಕ್ಷಿ ಬಿಳಿ ದ್ರಾಕ್ಷಿಯಾದದ್ದರಲ್ಲಿಯೂ ಇವುಗಳ ಕೈವಾಡವಿದೆ. ವಂಶವಿದ್ಯೆಯ ಪಿತಾಮಹ ಮೆಂಡೆಲ್ ಮಹಾಶಯರು ತಮ್ಮ ಮಠದ ತೋಟದಲ್ಲಿ ಎಣಿಸಿದ ಸುಕ್ಕು ಬಟಾಣಿಯೂ ಇಂಥ ಒಂದು ತುಣುಕಿನ ಫಲವೇ ಎಂದು 1990ರಲ್ಲಿ ತಿಳಿದುಬಂತು. ಆದರೆ ಅವು ಸಾವಿರಾರು ವರ್ಷಗಳಲ್ಲಿ ಎಲ್ಲೋ ಒಮ್ಮೆ ಸಿಕ್ಕ ಅದೃಷ್ಟ. ದಿನವೂ ಎಲ್ಲ ತುಣುಕುಗಳೂ ಬೇಕಾದಂತೆ ನೆಗೆಯುತ್ತಿದ್ದರೆ ಯಾವ ಗಿಡವೂ ಬದುಕಲಾರದು.

ತಂತಿಯಲ್ಲ, ಕರೆಂಟು

ಹಾಗಾದರೆ ಇವುಗಳನ್ನು ಹದ್ದಿನಲ್ಲಿಟ್ಟಿರುವುದು ಯಾವುದು? ಇದನ್ನು ನಮ್ಮ ಕಡೆಯವರಿಗೆ ತಿಳಿಸುವುದು ಸುಲಭ. ನಾಗರಹೊಳೆಯ ಅಂಚಿನಲ್ಲಿ, ಕಬಿನಿ ಹಿನ್ನೀರಿನ ಆಚೀಚೆ ಇರುವ ನಮಗೆ ಸೋಲಾರ್ ಬೇಲಿ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಬೇಲಿಯ ತಂತಿ ಆನೆಯನ್ನು ತಡೆಯುವುದಿಲ್ಲ. ತಡೆಯುವುದು ತಂತಿಯಲ್ಲಿ ಹರಿಯುವ ಕರೆಂಟು. ಬ್ಯಾಟರಿ ಇಳಿದರೆ ಕಂಬವೂ ಇರುತ್ತದೆ, ತಂತಿಯೂ ಇರುತ್ತದೆ, ದೂರದಿಂದ ನೋಡಿದವನಿಗೆ ಬೇಲಿ ನೆಟ್ಟಗಿದ್ದಂತೆಯೇ ಕಾಣುತ್ತದೆ. ಬೆಳಗಾಗುವುದರೊಳಗೆ ಬಾಳೆ ಮಾತ್ರ ನೆಲಸಮ.

ಗಿಡವೂ ಹೀಗೆಯೇ ಬೇಲಿ ಹಾಕಿಕೊಂಡಿದೆ. ಡಿ.ಎನ್.ಎ.ಯ ಅಕ್ಷರಗಳ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತನ್ನು ಅಲ್ಲಲ್ಲಿ ಅಂಟಿಸಿ, ಈ ಜಿಗಿಯುವ ತುಣುಕುಗಳ ಬಾಯಿ ಮುಚ್ಚಿಸಿರುತ್ತದೆ. ಎಲ್ಲಿ ಅಂಟಿಸಬೇಕೆಂದು ದಾರಿ ತೋರಲು ಸಣ್ಣ ಆರ್.ಎನ್.ಎ. ಎಂಬ ಕಾವಲುಗಾರರಿದ್ದಾರೆ. ಕೋಶ ಒಡೆದು ಎರಡಾದಾಗಲೆಲ್ಲ ಈ ಗುರುತನ್ನೂ ನಕಲು ಮಾಡಿ ಮುಂದಕ್ಕೆ ಕೊಡಬೇಕು. ಅಕ್ಷರ ಒಂದೂ ಬದಲಾಗದೆ, ಅಕ್ಷರದ ಮೇಲಿನ ಗುರುತು ಮಾತ್ರ ಬದಲಾಗಿ ಗಿಡದ ಗುಣ ಬದಲಾದರೆ ಅದಕ್ಕೆ ವಿಜ್ಞಾನಿಗಳು ಎಪಿಜೆನೆಟಿಕ್ ಬದಲಾವಣೆ ಎನ್ನುತ್ತಾರೆ. ಹೆಸರು ದೊಡ್ಡದು, ವಿಷಯ ಇಷ್ಟೇ: ತಂತಿ ಹಾಗೆಯೇ ಇದೆ, ಕರೆಂಟು ಹೋಗಿದೆ.

ಹೂವಾಗಿ, ಕಾಯಾಗಿ, ಬೀಜವಾಗುವ ದಾರಿಯಲ್ಲಿ ಗಿಡ ಈ ಬೇಲಿಯನ್ನು ಇನ್ನೊಮ್ಮೆ ತಪಾಸಣೆ ಮಾಡಿ ಬಿಗಿ ಮಾಡಿಕೊಳ್ಳುತ್ತದೆ. ಪ್ರಯೋಗಶಾಲೆಯ ಬಾಟಲಿಯಲ್ಲಿ ಈ ದಾರಿ ಇಲ್ಲ. ಅಲ್ಲಿ ತಾಯಿಮರದ ತುಣುಕನ್ನು ಹಾರ್ಮೋನು ಬೆರೆಸಿದ ಆಹಾರದ ಮೇಲಿಟ್ಟು, ಅದು ಎಲೆಯೂ ಅಲ್ಲದ ಬೇರೂ ಅಲ್ಲದ ಕೋಶಗಳ ಮುದ್ದೆಯಾಗಿ ಬೆಳೆಯುವಂತೆ ಮಾಡುತ್ತಾರೆ. ಇದಕ್ಕೆ ಕ್ಯಾಲಸ್ ಎಂದು ಹೆಸರು. ಈ ಮುದ್ದೆಯಿಂದ ಸಾವಿರಾರು ಭ್ರೂಣಗಳನ್ನು ಎಬ್ಬಿಸಿ ಸಸಿ ಮಾಡುತ್ತಾರೆ. ಮುದ್ದೆಯ ಸ್ಥಿತಿಯಲ್ಲಿ ಕೋಶಗಳು ಅವಸರ ಅವಸರವಾಗಿ ಒಡೆಯುತ್ತಿರುವಾಗ ಮೀಥೈಲ್ ಗುರುತು ಅಲ್ಲಲ್ಲಿ ಬಿಟ್ಟುಹೋಗುವುದುಂಟು. ಮುದ್ದೆಯನ್ನು ಎಷ್ಟು ಹೆಚ್ಚು ಕಾಲ ಬೆಳೆಸಿದರೆ ಅಷ್ಟು ಹೆಚ್ಚು ಬೇಲಿ ಸಡಿಲ.

ಅಡಿಕೆಯ ದಾಯಾದಿಗೆ ಆದ ಗತಿ

ಇದು ಪುಸ್ತಕದ ಬದನೆಕಾಯಿ ಅಲ್ಲವೆಂಬುದಕ್ಕೆ ಮಲೇಷಿಯಾದ ಎಣ್ಣೆತಾಳೆಯೇ ಸಾಕ್ಷಿ. ಎಣ್ಣೆತಾಳೆ, ಅಡಿಕೆ, ತೆಂಗು ಮೂರೂ ಒಂದೇ ಕುಟುಂಬದ ಮರಗಳು, ದಾಯಾದಿಗಳು. ಮೂರಕ್ಕೂ ಸುಳಿ ಒಂದೇ. ಕೊಂಬೆಯಿಲ್ಲ, ಬಾಳೆಯಂತೆ ಕಂದಿಲ್ಲ. ಆದ್ದರಿಂದ ಒಳ್ಳೆಯ ಮರವನ್ನು ಕಡ್ಡಿ ನೆಟ್ಟೋ ಕಸಿ ಕಟ್ಟಿಯೋ ಹೆಚ್ಚಿಸಲು ಬರುವುದಿಲ್ಲ.

1970ರ ದಶಕದಲ್ಲಿ ಎಣ್ಣೆತಾಳೆಯ ಅಂಗಾಂಶ ಕೃಷಿ ಸಾಧ್ಯವಾದಾಗ ತೋಟಗಾರರಿಗೆ ಹಬ್ಬವೇ ಆಯಿತು. ಅತಿ ಹೆಚ್ಚು ಎಣ್ಣೆ ಕೊಡುವ ಮರಗಳನ್ನು ಆರಿಸಿ, ಅವುಗಳ ಪಡಿಯಚ್ಚುಗಳನ್ನೇ ತೋಟ ತುಂಬ ನೆಟ್ಟರೆ ಇಳುವರಿ ನೂರಕ್ಕೆ ಇಪ್ಪತ್ತು ಮೂವತ್ತು ಏರೀತೆಂಬ ಲೆಕ್ಕ. ಸಸಿಗಳು ಸೊಂಪಾಗಿ ಬೆಳೆದವು. ಮಡಿಯಲ್ಲಿ ಯಾವ ಕುಂದೂ ಕಾಣಲಿಲ್ಲ. ತೋಟಕ್ಕೆ ಹೋಗಿ, ವರ್ಷಗಳು ಕಳೆದು, ಹೂ ಬಿಟ್ಟಾಗ ನಿಜ ಬಯಲಾಯಿತು. 1980ರ ದಶಕದ ನಡುವಿನ ಹೊತ್ತಿಗೆ ಅನೇಕ ಮರಗಳಲ್ಲಿ ಕಾಯಿಯ ಸುತ್ತ ಇನ್ನೊಂದು ಪದರದಂತೆ ತುಂಡು ಕಾಯಿಗಳು ಎದ್ದಿದ್ದವು. ಗಂಡುಭಾಗಗಳಾಗಬೇಕಾದವು ಹೆಣ್ಣುಭಾಗಗಳಾಗಿ ತಿರುಗಿದ್ದವು. ಕಂಬಳಿ ಹೊದ್ದಂತೆ ಕಾಣುವುದರಿಂದ ಇದಕ್ಕೆ ಇಂಗ್ಲಿಷಿನಲ್ಲಿ ಮ್ಯಾಂಟಲ್ಡ್ ಎಂದು ಹೆಸರಿಟ್ಟರು. ಅತಿಯಾಗಿ ಹೀಗಾದ ಗೊನೆಗಳು ಬಲಿಯದೆ ಉದುರಿ ಎಣ್ಣೆಯೇ ಸಿಗಲಿಲ್ಲ. ದೊಡ್ಡ ಪ್ರಮಾಣದ ನೆಡುವಿಕೆಗೆ ತಡೆ ಬಿತ್ತು.

ತಾಯಿಮರ ಒಂದೇ, ಡಿ.ಎನ್.ಎ. ಒಂದೇ, ಪಕ್ಕಪಕ್ಕದ ಎರಡು ಮರಗಳಲ್ಲಿ ಒಂದಕ್ಕೆ ಒಳ್ಳೆಯ ಗೊನೆ, ಇನ್ನೊಂದಕ್ಕೆ ಕಂಬಳಿ ಕಾಯಿ! ಡಿ.ಎನ್.ಎ.ಯ ಅಕ್ಷರಗಳನ್ನು ಎಷ್ಟು ಹೋಲಿಸಿದರೂ ಕಾರಣ ಸಿಗಲಿಲ್ಲ. ಮೂವತ್ತು ವರ್ಷ ಹುಡುಕಾಟ ನಡೆಯಿತು. 2015ರಲ್ಲಿ ಮಲೇಷಿಯಾದ ತಾಳೆ ಎಣ್ಣೆ ಮಂಡಳಿಯ ಮೈಲಿನಾ ಓಂಗ್ ಅಬ್ದುಲ್ಲಾ ಮತ್ತು ಸಂಗಡಿಗರು, ಅಮೆರಿಕದ ರಾಬರ್ಟ್ ಮಾರ್ಟಿಯೆನ್ಸೆನ್ ಅವರ ತಂಡದ ಜೊತೆ ಸೇರಿ ಒಗಟನ್ನು ಬಿಡಿಸಿದರು. ಹೂವಿನ ಅಂಗಗಳನ್ನು ರೂಪಿಸುವ ಒಂದು ಜೀನಿನ ಮಧ್ಯೆ ಜಿಗಿಯುವ ತುಣುಕೊಂದು ಹಿಂದೆಂದೋ ಬಂದು ಕುಳಿತಿತ್ತು. ಅದರ ಮೇಲೆ ಮೀಥೈಲ್ ಗುರುತು ದಟ್ಟವಾಗಿದ್ದಷ್ಟು ಕಾಲ ಜೀನು ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತದೆ. ಅಂಗಾಂಶ ಕೃಷಿಯಲ್ಲಿ ಗುರುತು ಅಳಿಸಿಹೋದರೆ ಜೀನಿನ ಸಂದೇಶ ಅರ್ಧಕ್ಕೇ ತುಂಡಾಗಿ ಕಾಯಿ ಕೆಡುತ್ತದೆ.

ಆ ತುಣುಕಿನ ವರ್ಗಕ್ಕೆ ಇರುವ ಹೆಸರು ಏನೆಂದು ಬಲ್ಲಿರಾ? ಕರ್ಮ! ಭತ್ತದಲ್ಲಿ ಮೊದಲು ಕಂಡವರು ಇಟ್ಟ ಹೆಸರು ಅದು. ಗುರುತು ಉಳಿದ ಮರದ್ದು ಒಳ್ಳೆಯ ಕರ್ಮ, ಅಳಿದ ಮರದ್ದು ಕೆಟ್ಟ ಕರ್ಮ ಎಂದು ವಿಜ್ಞಾನಿಗಳೇ ಬರೆದಿದ್ದಾರೆ. ಆದರೆ ಇಲ್ಲಿ ಕರ್ಮ ಮಾಡಿದ್ದು ಬಾಟಲಿ, ಅನುಭವಿಸಿದ್ದು ತೋಟಗಾರ.

ಈ ಸಂಶೋಧನೆಯಿಂದ ಒಂದು ಒಳ್ಳೆಯದೂ ಆಯಿತು. ಈಗ ಎಣ್ಣೆತಾಳೆಯ ಸಸಿ ಎಳೆಯದಾಗಿದ್ದಾಗಲೇ ಎಲೆಯ ತುಣುಕಿನಿಂದ ಆ ಒಂದು ಜಾಗದ ಮೀಥೈಲನ್ನು ಪರೀಕ್ಷಿಸಿ, ಕೆಟ್ಟು ಹೋಗುವ ಸಸಿಯನ್ನು ಮಡಿಯಲ್ಲಿಯೇ ಕಿತ್ತು ಹಾಕಲು ಸಾಧ್ಯವಾಗಿದೆ.

ನಮ್ಮ ಬೆಳೆಗಳಿಗೆ ಇದರಿಂದ ಏನು ಪಾಠ?

ಎಲ್ಲ ಬೆಳೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ರೊಬಸ್ಟಾ ಕಾಫಿಯನ್ನು ಕಡ್ಡಿ ನೆಟ್ಟೋ ಕಸಿ ಕಟ್ಟಿಯೋ ಹೆಚ್ಚಿಸುವಾಗ ಕೋಶ ಮುದ್ದೆಯಾಗುವ ಹಂತವನ್ನು ಬಹುಮಟ್ಟಿಗೆ ಹಾಯುವುದಿಲ್ಲ. ಭಯಕ್ಕೆ ಕಾರಣ ಕಡಿಮೆ. ಮೆಣಸಿನ ಬಳ್ಳಿಯ ಕಡ್ಡಿಗೂ ಇದೇ ಮಾತು. ಬಾಳೆಯಲ್ಲಿ ಸುಳಿಯ ತುದಿಯನ್ನೇ ಒಡೆದು ಒಡೆದು ಹೆಚ್ಚಿಸುವುದರಿಂದ ಅಪಾಯ ಮಿತವಾಗಿದೆ. ಆದರೂ ಒಂದೇ ತುದಿಯನ್ನು ಮಿತಿಮೀರಿ ಒಡೆದರೆ ಕುಳ್ಳ ಗಿಡ, ಬಿಳಿಪಟ್ಟೆಯ ಎಲೆ, ಸುರುಟಿದ ಎಲೆಗಳ ಗಿಡಗಳು ಬರುತ್ತವೆಂಬುದು ಬಾಳೆ ಬೆಳೆಯುವವರಿಗೆಲ್ಲ ತಿಳಿದದ್ದೇ. ಬಾಳೆಯಲ್ಲಿ ಕೆಟ್ಟರೆ ಹೋಗುವುದು ಒಂದು ವರ್ಷದ ಬೆಳೆ.

ಅರೇಬಿಕಾ ಕಾಫಿಯನ್ನು ಭ್ರೂಣದ ದಾರಿಯಲ್ಲಿ ಮಧ್ಯ ಅಮೆರಿಕದ ದೇಶಗಳಲ್ಲಿ ಹೆಚ್ಚಿಸಿ, ಮಿಶ್ರತಳಿಗಳ ಸಸಿಗಳನ್ನು ತೋಟಗಾರರಿಗೆ ಕೊಟ್ಟಿದ್ದಾರೆ. ಅಲ್ಲಿಯ ಅನುಭವ ಕಲಿಸುವುದೇನೆಂದರೆ, ಎಳೆಯ ಕೋಶಗಳಿಂದ ಎಚ್ಚರಿಕೆಯಿಂದ ಮಾಡಿದ ಸಸಿಗಳಲ್ಲಿ ತಾಯಿಗೆ ಹೊರತಾದವು ತೀರ ಕಡಿಮೆ. ಅದೇ ಕೋಶಗಳನ್ನು ಬಾಟಲಿಯಲ್ಲಿ ವರ್ಷಗಟ್ಟಲೆ ಉಳಿಸಿಕೊಂಡು ಮಾಡಿದ ಸಸಿಗಳಲ್ಲಿ ಹಲವು ಪಟ್ಟು ಹೆಚ್ಚು. ಕಡ್ಡಿಯಂಥ ಎಲೆಯವು, ಕುಳ್ಳವು, ದೈತ್ಯ ಗಾತ್ರದವು ಎಲ್ಲವೂ ಕಂಡಿವೆ. ಅಂದರೆ ವಿಧಾನದ್ದಲ್ಲ ತಪ್ಪು, ಅವಸರದ್ದು ಮತ್ತು ದುರಾಸೆಯದು.

ಇನ್ನು ಅಡಿಕೆ. ಇಲ್ಲಿಯೇ ನಮ್ಮ ಲಾಭವೂ ನಷ್ಟವೂ ಎರಡೂ ದೊಡ್ಡವು. ಅಡಿಕೆಯಲ್ಲಿ ಪರಕೀಯ ಪರಾಗಸ್ಪರ್ಶ ನಡೆಯುವುದರಿಂದ ಒಂದೇ ಗೊನೆಯ ಗೋಟುಗಳಿಂದ ಬಂದ ಸಸಿಗಳೂ ಒಂದರಂತೆ ಒಂದು ಇರುವುದಿಲ್ಲ. ಹೀರೇಹಳ್ಳಿಯ ಗಿಡ್ಡ ತಳಿಯನ್ನು ಸುಮಂಗಳ, ಮೋಹಿತ್‌ನಗರ ತಳಿಗಳ ಜೊತೆ ಸೇರಿಸಿ ವಿಟ್ಲದ ಕೇಂದ್ರದವರು ಮಾಡಿರುವ ಗಿಡ್ಡ ಮಿಶ್ರತಳಿಗಳಿಗೆ ಬೇಡಿಕೆ ಬಹಳ. ಮರ ಹತ್ತುವ ಆಳು ಸಿಗದ ಈ ಕಾಲದಲ್ಲಿ ಅದು ಸಹಜವೇ. ಆದರೆ ಆ ಮಿಶ್ರತಳಿಯ ಗೋಟನ್ನು ನಾವೇ ನೆಟ್ಟರೆ ಗಿಡ್ಡವೂ ಉದ್ದವೂ ಬೆರೆತು ಬರುತ್ತವೆ. ಶೃಂಗೇರಿ, ಕೊಪ್ಪ, ಸುಳ್ಯದ ಕಡೆ ಹಳದಿ ಎಲೆ ರೋಗದಿಂದ ತೋಟಗಳೇ ಮುಳುಗಿರುವಾಗ, ರೋಗದ ನಡುವೆಯೂ ಹಸಿರಾಗಿ ನಿಂತಿರುವ ಮರಗಳನ್ನು ಗುರುತಿಸಿ ಅವುಗಳ ಸಂತಾನವನ್ನು ಹೆಚ್ಚಿಸಲು ಅಂಗಾಂಶ ಕೃಷಿಗಿಂತ ವೇಗದ ಹಾದಿ ಇಲ್ಲ. ಕಾಸರಗೋಡಿನವರು ಈ ಕೆಲಸಕ್ಕೆ ಕೈಹಾಕಿರುವುದು ಸ್ತುತ್ಯ. ಆದ್ದರಿಂದ ಬಾಟಲಿಯ ಸಸಿ ಬೇಡವೇ ಬೇಡ ಎನ್ನುವವರ ಜೊತೆ ನಾನು ಸೇರಲಾರೆ.

ಆದರೆ ನಷ್ಟದ ಕಡೆಯನ್ನೂ ಲೆಕ್ಕ ಹಾಕಬೇಕು. ಒಂಬತ್ತಡಿಗೆ ಒಂದರಂತೆ ನೆಟ್ಟರೆ ಎಕರೆಗೆ ಸುಮಾರು 540 ಸಸಿ. ನೂರಕ್ಕೆ ಐದು ಕೆಟ್ಟರೆ ಇಪ್ಪತ್ತೇಳು ಮರ, ಸಹಿಸಿಕೊಳ್ಳಬಹುದು. ನೂರಕ್ಕೆ ಮೂವತ್ತು ಕೆಟ್ಟರೆ ನೂರರವತ್ತಕ್ಕೂ ಮಿಗಿಲು. ಅದೂ ತಿಳಿಯುವುದು ಆರನೆಯ ವರ್ಷಕ್ಕೆ. ಅಷ್ಟರಲ್ಲಿ ಗೊಬ್ಬರ, ಹನಿ ನೀರಾವರಿ, ಬೋರು, ಆಳು, ಸಾಲದ ಬಡ್ಡಿ ಎಲ್ಲ ಖರ್ಚಾಗಿ ಹೋಗಿರುತ್ತದೆ. ನೂರು ಎಕರೆಯವನು ಐದು ಎಕರೆಯಲ್ಲಿ ಪ್ರಯೋಗ ಮಾಡಿ ಸೋತರೆ ಅದು ಅನುಭವ. ಒಂದೇ ಎಕರೆ ಇರುವ ನಮ್ಮಂಥವನು ಸೋತರೆ ಅದು ಮಗಳ ಮದುವೆ, ಮಗನ ಓದು. ಎಣ್ಣೆತಾಳೆಗೆ ಆದದ್ದೇ ಅಡಿಕೆಗೂ ಆಗಿಯೇ ತೀರುತ್ತದೆ ಎಂದು ಇಲ್ಲಿ ಹೇಳುತ್ತಿಲ್ಲ. ಒಂದೇ ಕುಟುಂಬದ ಮರ, ಒಂದೇ ಬಗೆಯ ಬಾಟಲಿ, ಕಾಯಬೇಕಾದ ಕಾಲ ಇನ್ನೂ ಹೆಚ್ಚು. ಎಚ್ಚರ ಮಾತ್ರ ಕಡಿಮೆಯಾಗುವುದು ಯಾವ ನ್ಯಾಯ ಎಂಬುದಷ್ಟೇ ಪ್ರಶ್ನೆ.

ಪ್ರಮಾಣಪತ್ರ ಏನನ್ನು ನೋಡುತ್ತದೆ?

“ಪ್ರಮಾಣಪತ್ರ ಇದೆಯಲ್ಲ, ಇನ್ನೇನು ಭಯ?” ಎಂದು ಕೇಳುವವರಿದ್ದಾರೆ. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಿಂದ ಅಂಗಾಂಶ ಕೃಷಿಯ ಸಸಿಗಳಿಗೆ ರಾಷ್ಟ್ರೀಯ ಪ್ರಮಾಣೀಕರಣ ವ್ಯವಸ್ಥೆಯೊಂದನ್ನು ನಡೆಸುತ್ತಿದೆ. ಸಸಿಯಲ್ಲಿ ವೈರಸ್ ಇದೆಯೇ, ಸಸಿ ತಾಯಿಯ ತಳಿಯದೇ ಹೌದೇ ಎಂಬುದನ್ನು ಅದರಲ್ಲಿ ಪರೀಕ್ಷಿಸುತ್ತಾರೆ. ಇದು ಬಹಳ ಉಪಯುಕ್ತ ವ್ಯವಸ್ಥೆ. ಬಾಳೆಯ ಸಸಿ ಕೊಳ್ಳುವವರು ಈ ಗುರುತುಚೀಟಿ ಇಲ್ಲದೆ ಕೊಳ್ಳಲೇಬಾರದು.

ಆದರೆ ಒಂದು ಸೂಕ್ಷ್ಮವನ್ನು ಮರೆಯಬಾರದು. ತಳಿಯ ಪರೀಕ್ಷೆ ಸಾಮಾನ್ಯವಾಗಿ ಓದುವುದು ಡಿ.ಎನ್.ಎ.ಯ ಅಕ್ಷರಗಳನ್ನು. ಅಕ್ಷರದ ಮೇಲಿನ ಮೀಥೈಲ್ ಗುರುತು ಅದರ ಕಣ್ಣಿಗೆ ಬೀಳುವುದಿಲ್ಲ. ಕಂಬ ಎಣಿಸಿ, ತಂತಿ ಅಳೆದು, ಬೇಲಿ ಸರಿಯಿದೆ ಎಂದು ಷರಾ ಬರೆದಂತೆ ಇದು. ಮಲೇಷಿಯಾದ ಕಂಬಳಿ ಕಾಯಿಯ ಮರಗಳೂ ಅಂಥ ಪರೀಕ್ಷೆಯಲ್ಲಿ ತಾಯಿಮರದ ಮಕ್ಕಳೆಂದೇ ಗೆದ್ದು ಬರುತ್ತಿದ್ದವು; ಮೂವತ್ತು ವರ್ಷ ಕಾರಣ ಸಿಗದಿದ್ದುದು ಅದರಿಂದಲೇ. ಆದ್ದರಿಂದ ಪ್ರಮಾಣಪತ್ರ ಬೇಕು, ಆದರೆ ಅದೊಂದೇ ಸಾಲದು. ಫಲ ಕೊಟ್ಟ ಮರವೇ ಕೊನೆಯ ಪ್ರಮಾಣಪತ್ರ.

ಇದಕ್ಕೆ ವಿರುದ್ಧವಾದ ತಪ್ಪಿನ ಬಗ್ಗೆಯೂ ಒಂದು ಮಾತು. ಹೊಸ ಶಬ್ದ ಕಲಿತ ಉತ್ಸಾಹದಲ್ಲಿ ತೋಟದ ಎಲ್ಲ ದೋಷಕ್ಕೂ ಜಿಗಿಯುವ ಜೀನನ್ನೇ ದೂರಬಾರದು. 1911ರಲ್ಲಿ ಚಿಕ್ಕಮಗಳೂರು ಸೀಮೆಯಲ್ಲಿ ಕೆಂಟ್ ಎಂಬ ತೋಟಗಾರರು ಆರಿಸಿದ ಕೆಂಟ್ಸ್ ಕಾಫಿ ಮೊದಮೊದಲು ಎಲೆ ತುಕ್ಕನ್ನು ತಡೆದು ಆಮೇಲೆ ಸೋತಿತು. ಅದರಲ್ಲಿ ಗಿಡ ಬದಲಾದದ್ದಲ್ಲ, ತುಕ್ಕಿನ ಶಿಲೀಂಧ್ರವೇ ಹೊಸ ವೇಷ ಹಾಕಿ ಬಂದದ್ದು. ಬಸಿಗಾಲುವೆ ಇಲ್ಲದೆ ಬೇರು ಕೊಳೆತ ಅಡಿಕೆಗೆ, ಬೋರಾನ್ ಕೊರತೆಯ ತೋಟಕ್ಕೆ, ಬಿಸಿಲಿಗೆ ಬೆಂದ ಸಸಿಗೆ ಎಪಿಜೆನೆಟಿಕ್ ಕಾರಣ ಹುಡುಕಿದರೆ ಕೆಟ್ಟದ್ದು ರಿಪೇರಿಯಾಗುವುದಿಲ್ಲ. ಅಂತೆಯೇ “ನಿಮ್ಮ ಗಿಡದ ನಿದ್ರಿಸುತ್ತಿರುವ ಜೀನನ್ನು ಎಬ್ಬಿಸುತ್ತೇವೆ” ಎಂದು ಬಾಟಲಿ ಹಿಡಿದು ಬರುವವರನ್ನು ಗೇಟಿನಿಂದಲೇ ಕಳಿಸುವುದು ಲೇಸು. ಜಿಗಿಯುವ ತುಣುಕುಗಳಿಗೆ ಸಂಬಂಧಿಸಿದಂತೆ ನಿದ್ದೆಯೇ ಒಳ್ಳೆಯದು.

ಸಂಘ ಮಾಡಬಹುದಾದದ್ದು

ಒಬ್ಬೊಬ್ಬನೇ ಸಸಿ ಮಾರುವವನ ಮುಂದೆ ನಿಂತು ಮೀಥೈಲ್ ಬಗ್ಗೆ ಪ್ರಶ್ನೆ ಹಾಕಲು ಸಾಧ್ಯವಿಲ್ಲ. ಕೇಳಿದರೂ ಉತ್ತರ ಬರುವುದಿಲ್ಲ. ಸಂಘ ಕೇಳಿದರೆ ಬರುತ್ತದೆ. ಸಹಕಾರದ ಪ್ರಯೋಜನ ಗೊಬ್ಬರ ಒಟ್ಟಿಗೆ ತರಿಸುವುದರಲ್ಲಿ ಮಾತ್ರ ಇಲ್ಲ, ಪ್ರಶ್ನೆಯನ್ನು ಒಟ್ಟಿಗೆ ಕೇಳುವುದರಲ್ಲಿಯೂ ಇದೆ. ಆಡಳಿತ ಮಂಡಳಿಯವರ ಮತ್ತು ಸದಸ್ಯರ ಪರಿಶೀಲನೆಗಾಗಿ ಈ ಕೆಲವು ಸಲಹೆಗಳನ್ನು ಮುಂದಿಡುತ್ತೇನೆ.

ಮೊದಲನೆಯದಾಗಿ, ಅಂಗಾಂಶ ಕೃಷಿಯ ಅಡಿಕೆ ಅಥವಾ ಕಾಫಿ ಸಸಿಯನ್ನು ಸಂಘದ ಮೂಲಕ ತರಿಸುವಾಗ ನಾಲ್ಕು ವಿವರಗಳನ್ನು ಬರಹದಲ್ಲಿ ಪಡೆಯಬೇಕು: ತಾಯಿಮರ ಎಲ್ಲಿಯದು, ಅದರ ಎಷ್ಟು ವರ್ಷಗಳ ಇಳುವರಿಯ ದಾಖಲೆ ಇದೆ, ಸಸಿ ಕೋಶಗಳ ಮುದ್ದೆಯಿಂದ ಬಂದದ್ದೇ ಅಥವಾ ನೇರವಾಗಿ ಸುಳಿಯಿಂದಲೇ, ಬಾಟಲಿಯಲ್ಲಿ ಎಷ್ಟು ತಿಂಗಳು, ಎಷ್ಟು ಸುತ್ತು ಕಳೆಯಿತು, ಇದೇ ತಾಯಿಯ ಸಸಿಗಳು ಎಲ್ಲಿಯಾದರೂ ಫಸಲಿಗೆ ಬಂದಿವೆಯೇ, ನಾವು ಹೋಗಿ ನೋಡಬಹುದೇ. ಈ ನಾಲ್ಕಕ್ಕೆ ಉತ್ತರ ಕೊಡದವರ ಸಸಿಯನ್ನು ಎಷ್ಟೇ ಅಗ್ಗವಾದರೂ ಬಿಡಬೇಕು.

ಎರಡನೆಯದಾಗಿ, ಯಾವ ಸದಸ್ಯನೂ ತನ್ನ ಇಡೀ ಜಮೀನಿಗೆ ಒಂದೇ ತಾಯಿಯ, ಒಂದೇ ತಂಡದ ಬಾಟಲಿ ಸಸಿಯನ್ನು ಹಾಕದಿರುವುದು ಕ್ಷೇಮ. ಕಾಲು ಭಾಗ ಅದು, ಮುಕ್ಕಾಲು ಭಾಗ ಪರಿಚಿತ ತಾಯಿಮರಗಳ ಗೋಟಿನ ಸಸಿ ಎಂದಿಟ್ಟುಕೊಂಡರೆ ಒಂದು ಕೈಕೊಟ್ಟರೂ ಇನ್ನೊಂದು ಕೈಹಿಡಿಯುತ್ತದೆ.

ಮೂರನೆಯದಾಗಿ, ಸಸಿ ಬಂದ ದಿನವೇ ಯಾವ ತಂಡದ್ದು ಯಾವ ಸಾಲಿಗೆ ಹೋಯಿತೆಂದು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಆರು ವರ್ಷದ ಮೇಲೆ ಹಿಂಗಾರ ಕೆಟ್ಟರೆ ನೆನಪಿನಿಂದ ಯಾವುದೂ ಸಾಬೀತಾಗದು. ಹತ್ತು ತೋಟಗಳ ಪುಸ್ತಕಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ದೋಷ ತೋಟದ್ದೋ ಸಸಿಯದ್ದೋ ಎಂಬುದು ತಾನಾಗಿಯೇ ಗೊತ್ತಾಗುತ್ತದೆ: ಒಂದೇ ತಂಡದ ಸಸಿ ಎಲ್ಲ ತೋಟಗಳಲ್ಲಿಯೂ ಕೆಟ್ಟಿದ್ದರೆ ಸಸಿಯ ದೋಷ, ಒಂದೇ ತೋಟದಲ್ಲಿ ಎಲ್ಲ ತಂಡಗಳೂ ಕೆಟ್ಟಿದ್ದರೆ ಮಣ್ಣಿನದೋ ಆರೈಕೆಯದೋ ದೋಷ.

ನಾಲ್ಕನೆಯದಾಗಿ, ಬೆಲೆಯ ಮಾತುಕತೆಯಲ್ಲಿ ಮೊದಲ ಫಸಲಿನ ತನಕದ ಹೊಣೆಯನ್ನು ಸೇರಿಸಬೇಕು. ಸಾಯದೆ ಉಳಿದರೆ ಸಾಕು ಎಂಬ ಈಗಿನ ರೂಢಿಯ ಖಾತರಿ ಅಡಿಕೆಯಂಥ ದೀರ್ಘಾವಧಿ ಬೆಳೆಗೆ ಅರ್ಥವಿಲ್ಲದ್ದು. ಸೊಂಪಾಗಿ ಬದುಕಿ, ಕಾಯಿ ಕಚ್ಚದ ಮರ ಸತ್ತ ಮರಕ್ಕಿಂತ ದುಬಾರಿ. ಸತ್ತದ್ದನ್ನು ಮರುವರ್ಷವೇ ಬದಲಾಯಿಸುತ್ತೇವೆ, ಇದನ್ನು ಆರು ವರ್ಷ ಸಾಕುತ್ತೇವೆ.

ಐದನೆಯದಾಗಿ, ಸಂಶೋಧನಾ ಸಂಸ್ಥೆಗಳಿಗೆ ಸಂಘದಿಂದ ಒಂದು ಮನವಿ ಹೋಗಲಿ. 1925ರಿಂದ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನೆ ನಡೆದುಬಂದಿದೆ. ಕಾಫಿ ಮಂಡಳಿಯ ಅಂಗಾಂಶ ಕೃಷಿ ವಿಭಾಗ ನಮ್ಮ ಮೈಸೂರಿನಲ್ಲಿಯೇ ಇದೆ. ಅಡಿಕೆಗೆ ಕಾಸರಗೋಡು, ವಿಟ್ಲ ಇವೆ. ಬಾಟಲಿಯಿಂದ ಬಂದ ಪ್ರತಿ ತಳಿಯನ್ನೂ ಬೇರೆ ಬೇರೆ ಹವೆಯ ಜಾಗಗಳಲ್ಲಿ ಫಸಲಿನವರೆಗೆ ಬೆಳೆಸಿ ನೋಡಿದ ಮೇಲೆಯೇ ಬಿಡುಗಡೆ ಮಾಡಲಿ; ಮಲೆನಾಡಿನ ಹವೆಯ ಫಲಿತಾಂಶವನ್ನು ಮಳೆ ಕಡಿಮೆಯಿರುವ ನಮ್ಮ ಸೀಮೆಗೆ ಹಾಗೆಯೇ ಹೇರುವುದು ಬೇಡ. ಅಂಥ ಒಂದು ಪರೀಕ್ಷಾ ತಾಕಿಗೆ ಅಂತರಸಂತೆ ಹೋಬಳಿಯಲ್ಲಿ ಜಾಗ ಕೊಡಲು ಸದಸ್ಯರು ಮುಂದೆ ಬಂದಾರು ಎಂಬ ಭರವಸೆ ನನಗಿದೆ. ಎಣ್ಣೆತಾಳೆಗೆ ಕಂಡುಕೊಂಡಂಥ ಎಲೆಯ ಪರೀಕ್ಷೆಯೊಂದು ಅಡಿಕೆಗೂ ಸಿಕ್ಕರೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಕೊನೆಯದಾಗಿ, ಹಳೆಯ ವಿದ್ಯೆಯನ್ನು ಕೈಬಿಡಬಾರದು. ಪ್ರತಿ ಊರಿನಲ್ಲಿಯೂ ಹತ್ತು ಒಳ್ಳೆಯ ತಾಯಿಮರಗಳನ್ನು ಗುರುತಿಸಿ, ನಂಬರು ಹಾಕಿ, ಗೊನೆ ಎಣಿಸಿ, ಸಂಘದ ಸಸಿಮಡಿಗೆ ಗೋಟು ಕೊಡುವ ಏರ್ಪಾಡು ಮಾಡಿದರೆ ಅದಕ್ಕೆ ತಗಲುವ ಖರ್ಚು ತೀರ ಅಲ್ಪ. ಬೀಜದ ದಾರಿಯಲ್ಲಿ ಬಂದ ಸಸಿಗಳಲ್ಲಿ ಏರುಪೇರು ಇರಬಹುದು. ಆದರೆ ಬೇಲಿಗೆ ಕರೆಂಟು ಹಾಕಿಕೊಳ್ಳುವ ಕೆಲಸವನ್ನು ಗಿಡವೇ ಮಾಡಿ ಕಳಿಸಿರುತ್ತದೆ.

ತಾಯಿಯಂತೆ ಮಗಳು ಎಂಬ ಗಾದೆ ಸುಳ್ಳಲ್ಲ. ತಾಯಿಯಿಂದ ಬಂದದ್ದರ ಜೊತೆಗೆ ಮಗಳು ಬೆಳೆದ ಮನೆಯನ್ನೂ ವಿಚಾರಿಸುವುದು ನಮ್ಮಲ್ಲಿ ಸಂಬಂಧ ನೋಡುವ ಪದ್ಧತಿ. ಸಸಿಯ ವಿಷಯದಲ್ಲಿಯೂ ಅಷ್ಟೇ ವಿಚಾರಣೆ ಸಾಕು. ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ, ಮೇಲಿನ ನಾಲ್ಕು ವಿವರಗಳಿಲ್ಲದ ಸಸಿಯನ್ನು ಸಂಘ ತರಿಸುವುದಿಲ್ಲವೆಂಬ ಒಂದು ಠರಾವಾದರೂ ಆಗಲಿ ಎಂದು ಬೆಳೆಗಾರ ಬಾಂಧವರಲ್ಲಿ ಕೋರುತ್ತೇನೆ.